ಉಸಿರಿನ ಲೆಕ್ಕ ಹಿಡಿದ ಹಾಲ್ಡೇನ್

1896ರ ಜನವರಿಯಲ್ಲಿ ವೇಲ್ಸ್‌ನ ಟೈಲರ್ಸ್‌ಟೌನ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟ ಸಂಭವಿಸಿ 57 ಕಾರ್ಮಿಕರು ಮೃತಪಟ್ಟರು. ಶವಗಳನ್ನು ಪರೀಕ್ಷಿಸಿದ ಆಕ್ಸ್‌ಫರ್ಡ್‌ನ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್ ಅವರಿಗೆ ವಿಚಿತ್ರವೊಂದು ಕಂಡಿತು. ಬಹುತೇಕರು ಸತ್ತದ್ದು ಸ್ಫೋಟದ ಹೊಡೆತದಿಂದಲ್ಲ. ಅವರ ರಕ್ತ ಅಸಹಜವಾಗಿ ಕೆಂಪಗಿತ್ತು. ಸ್ಫೋಟದ ಬಳಿಕ ಸುರಂಗದಲ್ಲಿ ತುಂಬಿಕೊಂಡ ಇಂಗಾಲದ ಮೊನಾಕ್ಸೈಡ್ ಅವರನ್ನು ಬಲಿ ತೆಗೆದುಕೊಂಡಿತ್ತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕವನ್ನು ಹೊರಬೇಕಾದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ.

1860ರಲ್ಲಿ ಎಡಿನ್‌ಬರೋದಲ್ಲಿ ಜನಿಸಿ, ಅಲ್ಲಿಯೇ ವೈದ್ಯಶಾಸ್ತ್ರ ಕಲಿತ ಹಾಲ್ಡೇನ್ ಅವರಿಗೆ ತಮ್ಮ ದೇಹವೇ ಪ್ರಯೋಗಶಾಲೆ. ಈ ವಿಷಾನಿಲವನ್ನು ತಾವೇ ಸೇವಿಸಿ, ರಕ್ತ ತೆಗೆದು ಅಳೆದು, ಕಾಲು ಕುಸಿಯುವ ಹಂತ ಯಾವುದೆಂದು ದಾಖಲಿಸಿದ್ದರು. ಗಣಿಗೆ ಪುಟ್ಟ ಪ್ರಾಣಿ ಪಕ್ಷಿಗಳನ್ನು ಕೊಂಡೊಯ್ಯಬೇಕೆಂಬ ಅವರ ಸಲಹೆಗೆ ಕಾರಣ ಸರಳ: ಚಿಕ್ಕ ಜೀವಿಯ ಚಯಾಪಚಯ ವೇಗವಾದುದು, ಆದ್ದರಿಂದ ಮನುಷ್ಯನಿಗಿಂತ ಎಷ್ಟೋ ಮೊದಲೇ ಅದು ಕುಸಿಯುತ್ತದೆ. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳ ಈ ಕಾವಲು 1986ರವರೆಗೂ ನಡೆಯಿತು.

ಆದರೆ ಹಾಲ್ಡೇನ್ ಅವರ ಹೆಸರನ್ನು ಉಳಿಸಿರುವುದು 1905ರಲ್ಲಿ ಜಾನ್ ಗಿಲ್ಲೀಸ್ ಪ್ರೀಸ್ಟ್ಲಿ ಜೊತೆಗೂಡಿ ಪ್ರಕಟಿಸಿದ ಸಂಶೋಧನೆ. ನಾವು ಉಸಿರಾಡುವುದು ಆಮ್ಲಜನಕಕ್ಕಾಗಿ, ನಿಜ. ಹಾಗಾದರೆ ಎಷ್ಟು ಉಸಿರಾಡಬೇಕೆಂದು ದೇಹಕ್ಕೆ ಹೇಳುವವರು ಯಾರು? ಉತ್ತರ ಹುಡುಕಲು ಶ್ವಾಸಕೋಶದ ಆಳದಲ್ಲಿನ ವಾಯುಕೋಶಗಳ ಗಾಳಿ ಬೇಕಿತ್ತು. ಉದ್ದನೆಯ ಕೊಳವೆಯೊಂದರಲ್ಲಿ ರಭಸವಾಗಿ ಉಸಿರು ಬಿಟ್ಟು, ಕೊನೆಯಲ್ಲಿ ಬರುವ ಗಾಳಿಯನ್ನಷ್ಟೇ ಹಿಡಿಯುವುದು ಅವರು ಕಂಡುಕೊಂಡ ಉಪಾಯ. ಮಕ್ಕಳಾಟದಂತೆ ಕಾಣುವ ಈ ವಿಧಾನವೇ ಗುಟ್ಟನ್ನು ಬಿಡಿಸಿತು. ವಾಯುಕೋಶಗಳಲ್ಲಿ ಇಂಗಾಲದ ಡೈ ಆಕ್ಸೈಡ್ ಕೇವಲ ಶೇ 0.2ರಿಂದ 0.3ರಷ್ಟು ಹೆಚ್ಚಿದರೂ ಒಳಹೋಗುವ ಗಾಳಿಯ ಪ್ರಮಾಣ ಇಮ್ಮಡಿಯಾಗುತ್ತದೆ! ಅಂದರೆ ಸಾಮಾನ್ಯ ಸ್ಥಿತಿಯಲ್ಲಿ ಉಸಿರಿನ ಲಗಾಮು ಹಿಡಿದಿರುವುದು ಆಮ್ಲಜನಕವಲ್ಲ, ದೇಹ ಹೊರದೂಡಬೇಕಾದ ಅನಿಲ. ರಕ್ತದಲ್ಲಿ ಅದು ಏರಿದೊಡನೆ ಮೆದುಳಿನ ಬುಡದಲ್ಲಿರುವ ಕೇಂದ್ರವು ವಪೆಗೂ ಪಕ್ಕೆಲುಬಿನ ಸ್ನಾಯುಗಳಿಗೂ ಆಜ್ಞೆ ರವಾನಿಸುತ್ತದೆ. ಮೆಟ್ಟಿಲು ಹತ್ತಿದಾಗ ಏದುಸಿರು ಬರುವುದರ ಹಿಂದೆ ಇದರ ಪಾಲಿದೆ. ಆಮ್ಲಜನಕದ ಕೊರತೆ ಹೀಗೆ ಎಚ್ಚರಿಸುವುದು ತಡವಾಗಿ. ಮೊನಾಕ್ಸೈಡ್ ಸೇವಿಸಿದವನು ಏದುಸಿರನ್ನೇ ಕಾಣದೆ ಪ್ರಜ್ಞೆ ತಪ್ಪುವುದೂ ಉಂಟು.

ಮುಂದಿನದು ಸಮುದ್ರದಾಳ. ಮುಳುಗುಗಾರರು ಥಟ್ಟನೆ ಮೇಲೆ ಬಂದಾಗ ರಕ್ತದಲ್ಲಿ ಸಾರಜನಕದ ಗುಳ್ಳೆಗಳೆದ್ದು ನರಳುತ್ತಿದ್ದರು. ಮೇಕೆಗಳ ಮೇಲೆ ಪ್ರಯೋಗ ನಡೆಸಿದ ಹಾಲ್ಡೇನ್, ಹಂತಹಂತವಾಗಿ ನಿಂತು ಮೇಲೇರುವ ಕೋಷ್ಟಕಗಳನ್ನು 1908ರಲ್ಲಿ ಸಂಗಡಿಗರೊಡನೆ ಪ್ರಕಟಿಸಿದರು. 1911ರಲ್ಲಿ ಅಮೆರಿಕದ ಪೈಕ್ಸ್ ಪೀಕ್ ಶಿಖರದಲ್ಲಿ, 4,300 ಮೀಟರ್ ಎತ್ತರದಲ್ಲಿ ವಾರಗಟ್ಟಲೆ ತಂಗಿ, ತೆಳುಗಾಳಿಗೆ ದೇಹ ಒಗ್ಗುವ ಬಗೆಯನ್ನು ಅಭ್ಯಸಿಸಿದರು.

1915ರ ಏಪ್ರಿಲ್‌ನಲ್ಲಿ ಈಪ್ರ್ ರಣಭೂಮಿಯಲ್ಲಿ ಜರ್ಮನ್ನರು ವಿಷಾನಿಲ ಹರಿಸಿದಾಗ ಬ್ರಿಟಿಷ್ ಸರ್ಕಾರ ಅವರನ್ನು ಫ್ರಾನ್ಸ್‌ಗೆ ಕಳುಹಿಸಿತು. ಅದು ಕ್ಲೋರಿನ್ ಎಂದು ಗುರುತಿಸಿದ ಹಾಲ್ಡೇನ್, ತಾವೇ ಅದನ್ನು ಸೇವಿಸಿ ಮುಖವಾಡಗಳನ್ನು ಪರೀಕ್ಷಿಸಿದರು. ಸುಟ್ಟ ಶ್ವಾಸಕೋಶಗಳ ಸೈನಿಕರಿಗೆ ಆಮ್ಲಜನಕ ನೀಡುವ ಕ್ರಮಬದ್ಧ ವಿಧಾನವನ್ನೂ ರೂಪಿಸಿದರು.

ಇಷ್ಟೆಲ್ಲ ಅಳೆದ ವಿಜ್ಞಾನಿ ಒಂದು ಕಡೆ ಹಟ ಬಿಡಲಿಲ್ಲ. ಶ್ವಾಸಕೋಶವು ಅಗತ್ಯ ಬಿದ್ದಾಗ ಆಮ್ಲಜನಕವನ್ನು ಸ್ರವಿಸಿ ರಕ್ತಕ್ಕೆ ತಳ್ಳುತ್ತದೆ ಎಂಬುದು ಅವರ ನಂಬಿಕೆ. ಡೆನ್ಮಾರ್ಕಿನ ಆಗಸ್ಟ್ ಮತ್ತು ಮೇರಿ ಕ್ರೋಗ್ ದಂಪತಿ 1910ರಲ್ಲೇ ಇದನ್ನು ಅಲ್ಲಗಳೆದು, ಒತ್ತಡದ ವ್ಯತ್ಯಾಸದಿಂದ ಅನಿಲ ತಾನಾಗಿ ಹರಿಯುತ್ತದೆಂದು ತೋರಿಸಿದ್ದರು. 1920ರಲ್ಲಿ ಜೋಸೆಫ್ ಬಾರ್‌ಕ್ರಾಫ್ಟ್ ಗಾಜಿನ ಕೋಣೆಯಲ್ಲಿ ಆರು ದಿನ ಕುಳಿತು ಅದನ್ನೇ ದೃಢಪಡಿಸಿದರು. ಹಾಲ್ಡೇನ್ ಒಪ್ಪಲಿಲ್ಲ.

ಪರ್ಷಿಯಾದ ತೈಲ ಕಾರ್ಮಿಕರನ್ನು ಕಾಡುತ್ತಿದ್ದ ಬಿಸಿಲಾಘಾತವನ್ನು ಅಧ್ಯಯನ ಮಾಡಿ ಮರಳಿದ ಅವರು 1936ರ ಮಾರ್ಚ್‌ನಲ್ಲಿ ಆಕ್ಸ್‌ಫರ್ಡ್‌ನಲ್ಲಿ ನಿಧನರಾದರು. ಬಾಲ್ಯದಲ್ಲೇ ತಂದೆಯೊಡನೆ ಗಣಿಗಳಿಗೆ ಇಳಿದಿದ್ದ ಮಗ ಜೆ.ಬಿ.ಎಸ್. ಹಾಲ್ಡೇನ್ ತಳಿವಿಜ್ಞಾನಿಯಾಗಿ ಹೆಸರಾಗಿ, 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದರು.