ಸಲೀಂ ಅಲಿ ಮತ್ತು ಕ್ಯಾಸನೂರಿನ ಕಾಡು

ಕಳವಾ ಸೇತುವೆಯ ಕೆಳಗೆ ಸಾಗುವ ಠಾಣೆ ಖಾಡಿಯ ಕೆಸರುಬಯಲುಗಳಿಗೆ ಚಳಿಗಾಲದಲ್ಲಿ ಬಂದಿಳಿಯುವಂಥ ವಲಸೆ ಹಕ್ಕಿಗಳು ಎಲ್ಲಿಂದ ಬರುತ್ತವೆ, ತಮ್ಮೊಡನೆ ಏನನ್ನು ತರುತ್ತವೆ ಎಂಬ ಪ್ರಶ್ನೆಗಳನ್ನು ನಮ್ಮ ದೇಶದಲ್ಲಿ ವ್ಯವಸ್ಥಿತವಾಗಿ ಕೈಗೆತ್ತಿಕೊಂಡವರು ಸಲೀಂ ಅಲಿ (1896–1987). ಮುಂಬಯಿಯಲ್ಲಿ ಜನಿಸಿ, ಎಳವೆಯಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು, ಸೋದರಮಾವನ ಆಶ್ರಯದಲ್ಲಿ ಬೆಳೆದ ಅವರಿಗೆ ತಾವೇ ಹೊಡೆದುರುಳಿಸಿದ ಹಳದಿ ಕತ್ತಿನ ಗುಬ್ಬಚ್ಚಿಯೊಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲನ್ನು ತೆರೆಯಿತು. 1939–40ರಲ್ಲಿ ಅವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದರು.

ಎರಡು ದಶಕಗಳ ತರುವಾಯ ಅದೇ ನಾಡಿನ ಸಂಕಟವೊಂದು ಅವರ ಮುಂದೆ ಬಂದಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಕಾಡಂಚಿನ ಜನರೂ ಜ್ವರಕ್ಕೆ ಬಲಿಯಾದರು. ಉಣುಗುಗಳಿಂದ ಹರಡುವ ಆ ವೈರಾಣು ರಷ್ಯಾದ ಮಿದುಳುಜ್ವರದ ವೈರಾಣುವನ್ನು ಹೋಲುತ್ತಿದ್ದುದರಿಂದ ಸಂಶಯವು ವಲಸೆ ಹಕ್ಕಿಗಳ ಮೇಲೆ ಬಿದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ 1959ರಲ್ಲಿ ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ, ಅವುಗಳ ಮೈಮೇಲಿನ ಉಣುಗುಗಳನ್ನು ಸಂಗ್ರಹಿಸುವ ಕಾರ್ಯವು ಆರಂಭವಾಯಿತು.

ಹಕ್ಕಿಗಳೇ ರೋಗವನ್ನು ತಂದವೆಂಬುದು ಸಿದ್ಧವಾಗಲಿಲ್ಲ. ವೈರಾಣು ಮಲೆನಾಡಿನ ಉಣುಗುಗಳಲ್ಲಿಯೂ ಇಲಿ, ಸುಂಡಿಲಿಗಳಲ್ಲಿಯೂ ನೆಲೆಯೂರಿತ್ತು. ಕಾಡನ್ನು ಕಡಿದು ದನಗಳನ್ನು ಮೇಯಿಸಿದಲ್ಲಿ ಉಣುಗುಗಳಿಗೆ ಹೇರಳ ಆಹಾರ ದೊರೆತು ಅವು ಹೆಚ್ಚಿದವು. ಹೀಗೆ ಶೋಧನೆಯು ದೂರದ ಸೈಬೀರಿಯದಿಂದ ನಮ್ಮ ಕೊಡಲಿಯತ್ತಲೇ ತಿರುಗಿತು. ಆ ಉಂಗುರಗಳಾದರೋ ಹಕ್ಕಿಗಳ ವಲಸೆಯ ಹಾದಿಗಳನ್ನು ತೋರಿಕೊಟ್ಟವು. ಮಂಗನ ಕಾಯಿಲೆ ಇಂದಿಗೂ ಅಳಿದಿಲ್ಲ. ದೂಷಿಸುವ ಮುನ್ನ ಪರೀಕ್ಷಿಸುವ ಸಲೀಂ ಅಲಿಯವರ ಮಾರ್ಗವೂ ಇಂದಿಗೂ ಅಗತ್ಯವಾಗಿಯೇ ಉಳಿದಿದೆ.