ಅಳತೆಯಿಂದ ಜೀವ ಕಾಪಾಡಿದ ಡಾ. ಜಾನ್ ಸ್ನೋ

ಕಾಲರಾ ಕಲುಷಿತ ನೀರಿನಿಂದ ಹರಡುತ್ತದೆಂದು ತೋರಿಸಿದವರೆಂದು ಡಾ. ಜಾನ್ ಸ್ನೋ ಅವರ ಹೆಸರನ್ನು ನಾವು ಪಾಠದಲ್ಲಿ ಹೇಳುತ್ತೇವೆ. ಆದರೆ ಅವರ ನಿತ್ಯದ ವೃತ್ತಿ ಶಸ್ತ್ರಚಿಕಿತ್ಸೆಯ ರೋಗಿಗಳಿಗೆ ಅರಿವಳಿಕೆ ಕೊಡುವುದಾಗಿತ್ತು.

ಸ್ನೋ ಹುಟ್ಟಿದ್ದು 1813ರ ಮಾರ್ಚ್ 15ರಂದು, ಇಂಗ್ಲೆಂಡಿನ ಯಾರ್ಕ್ ನಗರದ ಕೂಲಿಕಾರರೊಬ್ಬರ ಮನೆಯಲ್ಲಿ. ಒಂಬತ್ತು ಮಕ್ಕಳಲ್ಲಿ ಅವರೇ ಹಿರಿಯರು. 14ನೆಯ ವಯಸ್ಸಿನಲ್ಲಿ ನ್ಯೂಕ್ಯಾಸಲ್‌ನ ವೈದ್ಯರೊಬ್ಬರ ಬಳಿ ಕೆಲಸ ಕಲಿಯಲು ಸೇರಿದರು. 1836ರಲ್ಲಿ ಲಂಡನ್ನಿಗೆ ಬಂದು ಓದು ಮುಂದುವರಿಸಿ, 1844ರಲ್ಲಿ ಎಂ.ಡಿ. ಪದವಿ ಪಡೆದರು.

1846ರ ಅಕ್ಟೋಬರ್‌ನಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಅರಿವಳಿಕೆಯ ಪ್ರದರ್ಶನ ನಡೆಯಿತು. ಎರಡೇ ತಿಂಗಳಲ್ಲಿ ಅದು ಲಂಡನ್ನಿಗೂ ಬಂತು. ಆದರೆ ಕೆಲವರು ನಿದ್ರೆಗೆ ಜಾರುತ್ತಿದ್ದರು, ಕೆಲವರು ಎಚ್ಚರವಾಗಿಯೇ ಒದ್ದಾಡುತ್ತಿದ್ದರು. ಔಷಧ ಒಂದೇ ಆದರೂ ಫಲ ಬೇರೆ ಏಕೆ? ಬಿಸಿ ಹೆಚ್ಚಿದಷ್ಟೂ ಈಥರ್ ಹೆಚ್ಚು ಆವಿಯಾಗುತ್ತದೆ. ಹೀಗಾಗಿ ರೋಗಿ ಸೇವಿಸುವ ಪ್ರಮಾಣ ಬದಲಾಗುತ್ತದೆ ಎಂದು ಸ್ನೋ ಕಂಡುಕೊಂಡರು. ಯಾವ ಉಷ್ಣತೆಗೆ ಎಷ್ಟು ಆವಿ ಎಂಬ ಕೋಷ್ಟಕ ತಯಾರಿಸಿದರು. ಸುತ್ತಲೂ ನೀರಿಟ್ಟು ಉಷ್ಣತೆಯನ್ನು ಸಮವಾಗಿಡುವ ಉಪಕರಣ ರೂಪಿಸಿದರು. ಉಸಿರು, ಕಣ್ಣು, ಕೈಕಾಲುಗಳ ಚಲನೆ ಗಮನಿಸಿ ಅರಿವಳಿಕೆಯ ಐದು ಹಂತಗಳನ್ನು 1847ರ ತಮ್ಮ ಪುಸ್ತಕದಲ್ಲಿ ವಿವರಿಸಿದರು.

1848ರ ಜನವರಿಯಲ್ಲಿ ನ್ಯೂಕ್ಯಾಸಲ್ ಬಳಿ 15 ವರ್ಷದ ಹುಡುಗಿಯೊಬ್ಬಳು ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳುವಾಗ, ಬಟ್ಟೆಯ ಮೇಲೆ ಸುರಿದು ಕೊಟ್ಟ ಕ್ಲೋರೋಫಾರ್ಮ್‌ನಿಂದ ಕೆಲವೇ ನಿಮಿಷಗಳಲ್ಲಿ ಸತ್ತಳು. ಎಲ್ಲೆಡೆ ಭಯ ಹರಡಿತು. ಸ್ನೋ ಔಷಧವನ್ನು ಕೈಬಿಡಲಿಲ್ಲ. ಗಾಳಿಯಲ್ಲಿ ಅದರ ಆವಿ ಅತಿಯಾದದ್ದೇ ಅಪಾಯಕ್ಕೆ ಕಾರಣವೆಂದು ವಾದಿಸಿ, ಅದನ್ನು ನಿಯಂತ್ರಿಸುವ ದಾರಿ ಹುಡುಕಿದರು. ನಾಲ್ಕು ಸಾವಿರಕ್ಕೂ ಹೆಚ್ಚು ಬಾರಿ ಕ್ಲೋರೋಫಾರ್ಮ್ ಕೊಟ್ಟ ಅವರು ತಮ್ಮ ರೋಗಿಗಳ ವಿವರವನ್ನು ದಿನಚರಿಯಲ್ಲಿ ಬರೆದಿಟ್ಟರು. 1853ರಲ್ಲಿ ವಿಕ್ಟೋರಿಯಾ ರಾಣಿಯ ಹೆರಿಗೆಗೂ ಅವರನ್ನೇ ಕರೆಸಲಾಯಿತು.

ಕ್ಲೋರೋಫಾರ್ಮ್ ಕುರಿತ ಪುಸ್ತಕ ಬರೆಯುತ್ತಿದ್ದಾಗಲೇ ಪಾರ್ಶ್ವವಾಯು ಬಡಿದು, 1858ರ ಜೂನ್ 16ರಂದು, 45ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪುಸ್ತಕ ಅದೇ ವರ್ಷ ಹೊರಬಂತು.

ಆವಿಯಾಗುವಿಕೆಯ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಒದ್ದೆ ಬಟ್ಟೆಯನ್ನು ಬಿಸಿಲಿನಲ್ಲಿ, ನೆರಳಿನಲ್ಲಿ ಒಣಹಾಕಿಸಿ ವ್ಯತ್ಯಾಸ ತೋರಿಸುವುದುಂಟು. ಆಗ ಈ ಜೀವನವನ್ನೂ ಹೇಳಬಹುದು. ಮಕ್ಕಳು ಕಣ್ಣಾರೆ ಕಂಡ ಆ ಸಣ್ಣ ವ್ಯತ್ಯಾಸವೇ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಜೀವದ ಪ್ರಶ್ನೆಯಾಗಿತ್ತು.