ಚಿಪ್ಪುಗಳ ಕುಲ ಬಿಡಿಸಿದ ಸ್ಟೊಲಿಚ್ಕ

ಉದ್ಯೋಗಕ್ಕೆಂದು ಊರು ಬಿಟ್ಟು ದೆಹಲಿಯಲ್ಲಿ ನೆಲೆಸಿರುವ ನಾವು, ನಮಗಿಂತ ಬಹುದೂರದಿಂದ ಭಾರತಕ್ಕೆ ಬಂದು ಇಲ್ಲಿಯ ಕೆಲಸದಲ್ಲಿಯೇ ಪ್ರಾಣ ತೆತ್ತ ಫರ್ಡಿನಾಂಡ್ ಸ್ಟೊಲಿಚ್ಕರನ್ನು ನೆನೆಯುವುದು ಉಚಿತವಾಗಿದೆ.

ಸ್ಟೊಲಿಚ್ಕರು 1838ರಲ್ಲಿ ಮೊರೇವಿಯದಲ್ಲಿ ಜನಿಸಿದರು. ಅಂದು ಆಸ್ಟ್ರಿಯ ಸಾಮ್ರಾಜ್ಯಕ್ಕೆ ಸೇರಿದ್ದ ಆ ಪ್ರಾಂತ ಇಂದು ಚೆಕ್ ಗಣರಾಜ್ಯದಲ್ಲಿದೆ. ವಿಯೆನ್ನದಲ್ಲಿ ವಿದ್ಯಾಭ್ಯಾಸ ಮಾಡಿದ ಅವರು 1862ರಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಕಲ್ಕತ್ತೆಯ ಭಾರತೀಯ ಭೂವಿಜ್ಞಾನ ಸಮೀಕ್ಷಾ ಇಲಾಖೆಯನ್ನು ಸೇರಿದರು.

ತಿರುಚಿನಾಪಳ್ಳಿ, ಅರಿಯಲೂರು ಕಡೆಯ ನೆಲದಲ್ಲಿ ಆರೂವರೆ ಕೋಟಿ ವರ್ಷಗಳಿಗೂ ಹಿಂದೆ ಸಮುದ್ರವಿತ್ತು. ಹೆನ್ರಿ ಬ್ಲಾನ್‌ಫರ್ಡರೂ ಸಂಗಡಿಗರೂ ಅಲ್ಲಿಂದ ಆಯ್ದು ತಂದಿದ್ದ ಪಳೆಯುಳಿಕೆಗಳನ್ನು ಗುರುತಿಸಿ ವರ್ಣಿಸುವ ಕಾರ್ಯ ಸ್ಟೊಲಿಚ್ಕರ ಪಾಲಿಗೆ ಬಂದಿತು. ನಮ್ಮ ಕರಾವಳಿಯವರು ಮರುವಾಯಿ, ಕಪ್ಪೆಚಿಪ್ಪು ಎನ್ನುವ ಜೋಡಿಚಿಪ್ಪಿನ ಪ್ರಾಣಿಗಳ ಬಳಗ ಅದರಲ್ಲಿ ಹೇರಳವಾಗಿದ್ದಿತು.

ಇವುಗಳ ವಿಂಗಡಣೆ ಸುಲಭವಲ್ಲ. ಹೊರರೂಪ ಒಂದೇ ಇದ್ದರೂ ಕುಲ ಬೇರೆಯಾಗಿರಬಹುದು. ಎರಡು ಚಿಪ್ಪು ಕೂಡುವ ಕೀಲಿನ ಹಲ್ಲುಗಳು, ಸ್ನಾಯು ಅಂಟಿದ್ದೆಡೆ ಒಳಮೈಯಲ್ಲಿ ಉಳಿದ ಗುರುತುಗಳು, ಇವೇ ಮುಖ್ಯ ಆಧಾರ. ಪಳೆಯುಳಿಕೆಯಲ್ಲಾದರೋ ಮಾಂಸ ಅಳಿದಿರುತ್ತದೆ. ಕೀಲಿನ ಸಂದಿನಲ್ಲಿ ಕಲ್ಲು ತುಂಬಿರುತ್ತದೆ. ಅದನ್ನು ಬಿಡಿಸಿ ನೋಡದೆ ಕುಲ ನಿರ್ಣಯವಾಗದು.

ಸ್ಟೊಲಿಚ್ಕರು ತಮಗೆ ಒಪ್ಪಿಸಿದ ಚಿಪ್ಪುಗಳಿಗೇ ನಿಲ್ಲಲಿಲ್ಲ. 1870-71ರಲ್ಲಿ ಹೊರಬಂದ ಸಂಪುಟದಲ್ಲಿ ಅಂದಿಗೆ ತಿಳಿದಿದ್ದ ಈ ವರ್ಗದ ಎಲ್ಲ ಕುಲಗಳನ್ನೂ, ಬದುಕಿರುವುವನ್ನೂ ಅಳಿದುವನ್ನೂ, ಒಟ್ಟಿಗೆ ಪರಿಶೀಲಿಸಿದರು. ಒಂದು ಚಿಪ್ಪಿನ ಸ್ಥಾನ ತಿಳಿಯಬೇಕಾದರೆ ಇಡೀ ಬಂಧುಬಳಗವನ್ನೇ ಅರಿಯಬೇಕಷ್ಟೆ! 1873ರ ವೇಳೆಗೆ ದಕ್ಷಿಣ ಭಾರತದ ಈ ಪಳೆಯುಳಿಕೆಗಳ ಗ್ರಂಥ ನಾಲ್ಕು ಸಂಪುಟಗಳಲ್ಲಿ ಪೂರ್ಣವಾಯಿತು.

ಅದೇ ವರ್ಷ ಅವರು ಫೋರ್ಸೈತರ ನೇತೃತ್ವದ ಯಾರ್ಕಂದ್ ನಿಯೋಗದೊಡನೆ ಮಧ್ಯ ಏಷ್ಯಕ್ಕೆ ಹೊರಟರು. ಹಿಂದಿರುಗುವಾಗ ಕಾರಕೋರಂ ಕಣಿವೆಯನ್ನು ದಾಟಿದ ಮೇಲೆ, ಎತ್ತರದ ಹವೆಗೆ ದೇಹ ಸೋತು, 1874ರ ಜೂನ್ 19ರಂದು ಲಡಾಖಿನ ಮುರ್ಗೋ ಎಂಬಲ್ಲಿ ಕೊನೆಯುಸಿರೆಳೆದರು. ವಯಸ್ಸು ಕೇವಲ ಮೂವತ್ತಾರು. ಅವರು ಕೂಡಿಸಿದ್ದ ಟಿಪ್ಪಣಿಗಳೂ ಸಂಗ್ರಹಗಳೂ ಅನಂತರ ಇತರ ವಿದ್ವಾಂಸರ ಕೈಯಿಂದ ಪ್ರಕಟವಾದುವು.

ಅವರು ಬೆಳಕಿಗೆ ತಂದ ತಿರುಚಿನಾಪಳ್ಳಿಯ ಶಿಲೆಗಳಲ್ಲಿ ನಮ್ಮ ಬೆಂಗಳೂರು ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕ ಎಲ್. ರಾಮರಾಯರೂ ದುಡಿದರು, ಜೂಲಿಯಸ್ ಪಿಯಾರೊಡನೆ 1936ರಲ್ಲಿ ಅಲ್ಲಿಯ ಪಾಚಿಯ ಪಳೆಯುಳಿಕೆಗಳನ್ನು ವರ್ಣಿಸಿದರು. ವಿದ್ಯೆಯ ಬಳಗ ಬೆಳೆಯುವುದು ಹೀಗೆಯೇ.

ಸ್ಟೊಲಿಚ್ಕರ ಸಮಾಧಿಯೂ ಸ್ಮಾರಕವೂ ಲೇಹ್ ಪಟ್ಟಣದಲ್ಲಿವೆ. ರಜೆಯಲ್ಲಿ ಮಕ್ಕಳೊಡನೆ ಅತ್ತ ಹೋಗುವ ನಮ್ಮ ಬಂಧುಗಳು ಅಲ್ಲಿ ಒಂದು ಗಳಿಗೆ ನಿಂತು ಬರಲೆಂದು ನಮ್ಮ ಕೋರಿಕೆ.